ಹದಿನೇಳನೇ ಪಂಜರದ ಮೂರು ಮರಿಗಳು

ಹನ್ನೊಂದನೇ ಪಂಜರದ ಆರನೇ ಮರಿಯನ್ನು ಅಂಗಾತ ಮಲಗಿಸಿ ಆಕೆ ಮನಸ್ಸಿನಲ್ಲೇ ಎಣಿಸುತ್ತಾಳೆ. ಒಂದು, ಎರಡು, ಮೂರು. ಹೆಬ್ಬೆರಳಿನಷ್ಟು ಉದ್ದದ ಜೀವ. ಮೈಮೇಲೆ ಈಗಷ್ಟೇ ಬಿಳಿ ನವಿರು ಮೂಡುತ್ತಿದೆ, ಕಣ್ಣು ಇನ್ನೂ ಬಿಟ್ಟಿಲ್ಲ. ನಾಲ್ಕು ಎನ್ನುವಷ್ಟರಲ್ಲಿ ಮರಿ ಸೊಂಟ ತಿರುಚಿ, ಒಂದು ಕಾಲನ್ನು ಗಾಳಿಗೆ ಒದ್ದು, ಬೋರಲಾಗುತ್ತದೆ. ಆಕೆ ಹಾಳೆಯ ಮೇಲೆ ‘ಸರಿ’ ಎಂಬ ಕಾಲಂನಲ್ಲಿ ಒಂದು ಗೀಟು ಎಳೆದು ಏಳನೆಯದನ್ನು ಎತ್ತಿಕೊಳ್ಳುತ್ತಾಳೆ. ಹತ್ತು ಎಣಿಸಿದರೂ ಮಗುಚಿಕೊಳ್ಳದಿದ್ದರೆ ಪಕ್ಕದ ಕಾಲಂ: ‘ಇಲ್ಲ’. ಹಾಳೆಯಲ್ಲಿರುವುದು ಇವೆರಡೇ.

ಹೊರಗೆ ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಆದರೆ ಈ ಕೋಣೆಗೆ ಕಿಟಕಿಯೇ ಇಲ್ಲವಾದ್ದರಿಂದ ಬೆಳಗು ಬೈಗು ಎಲ್ಲ ಗೋಡೆಯ ಗಡಿಯಾರ ಹೇಳಿದ ಹಾಗೆ. ಲಸಿಕೆ ತಯಾರಿಸುವ ಸಂಸ್ಥೆಯೊಂದರ ಪ್ರಾಣಿಮನೆ ಇದು. ಸ್ಟೀಲಿನ ಕಪಾಟಿನಲ್ಲಿ ಸಾಲಾಗಿ ಇಪ್ಪತ್ತನಾಲ್ಕು ಪ್ಲಾಸ್ಟಿಕ್ ಪಂಜರಗಳು, ಪಂಜರಕ್ಕೊಂದು ತಾಯಿ ಇಲಿ, ತಾಯಿಗೆ ಹತ್ತು ಮರಿ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಒಂದೊಂದನ್ನೂ ಅಂಗಾತ ಮಲಗಿಸಿ ಎಣಿಸಬೇಕು. ದಿನಕ್ಕೆ ನಾನೂರ ಎಂಬತ್ತು ಸಲ. ಹೀಗೆ ಇಪ್ಪತ್ತೊಂದು ದಿನ. ಆಮೇಲೆ ಬದುಕುಳಿದವನ್ನೂ ತಾಯಂದಿರನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ಗ್ಯಾಸು ಬಿಡಬೇಕು. ಆ ಗುಂಡಿ ಒತ್ತುವುದೂ ಆಕೆಯೇ.

“ಹತ್ತೊಂಬತ್ತು ವರ್ಷ ಆಯ್ತು. ಎಷ್ಟು ಮರಿ ಅಂತ ಲೆಕ್ಕ ಇಟ್ಟಿಲ್ಲ. ಇಟ್ಟಿದ್ರೆ ಈ ಕೆಲಸ ಮಾಡೋಕೆ ಆಗ್ತಿರಲಿಲ್ಲ” ಎನ್ನುತ್ತಾಳೆ.

ಸಂಸ್ಥೆಯಲ್ಲಿ ಎಲ್ಲರಿಗೂ ಆಕೆ ಇಲಿಯಕ್ಕ. ಎದುರಿಗೇ ಹಾಗೆ ಕರೆಯುತ್ತಾರೆ, ಆಕೆಯೂ ‘ಓ’ ಎನ್ನುತ್ತಾಳೆ. ಐವತ್ತಾರು ವರ್ಷ. ಮಣಿಕಟ್ಟಿನ ಸುತ್ತ ಎಂದೂ ಮಾಯದ ಕೆಂಪು ದದ್ದು. ಇಲಿಯ ಕೂದಲು, ಮೂತ್ರದ ಧೂಳು ಎದೆಯಲ್ಲಿ ಕೂತು ಮೆಟ್ಟಿಲು ಹತ್ತಿದರೆ ಸಿಳ್ಳೆ ಹೊಡೆದ ಹಾಗೆ ಉಸಿರು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ತಲೆಯಿಂದ ಸ್ನಾನ ಕಡ್ಡಾಯ. ಆದರೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಎರಡು ನಿಮಿಷಕ್ಕೆ ಮೂಗು ಮೇಲೆ ಮಾಡಿ ಬೇರೆ ಸೀಟು ಹುಡುಕುತ್ತಾರೆ. “ಒಳ್ಳೇದೇ ಆಯ್ತು ಬಿಡಿ. ಯಾವತ್ತೂ ನನಗೆ ಕಾಲು ಚಾಚೋಕೆ ಜಾಗ ಇರುತ್ತೆ.”

ಗೇಟಿನ ಕಾವಲುಗಾರನಿಗೂ ಆಕೆಗೂ ದಿನಾ ಇದ್ದದ್ದೇ. “ಏನಕ್ಕಾ, ನಿನ್ನ ಇನ್ನೂರ ನಲವತ್ತು ಮಕ್ಕಳೂ ಕ್ಷೇಮಾನಾ?” ಎಂದು ಅವನು ಕೇಳಬೇಕು. “ನಿನಗಿಂತ ಚುರುಕಾಗಿದಾವಪ್ಪಾ. ಅವು ನಾಲ್ಕು ಎಣಿಸೋದ್ರಲ್ಲಿ ಎದ್ದೇಳ್ತವೆ, ನೀನು ಗೇಟು ತೆಗೆಯೋಕೆ ನಲವತ್ತು ಎಣಿಸ್ಬೇಕು” ಎಂದು ಈಕೆ ಅನ್ನಬೇಕು. ನಾಲ್ಕು ದಿನದಿಂದ ಅವನು ಆ ಪ್ರಶ್ನೆ ಕೇಳುತ್ತಿಲ್ಲ. ಸುಮ್ಮನೆ ಗೇಟು ತೆಗೆದು ಬೇರೆ ಕಡೆ ನೋಡುತ್ತಾನೆ. ಸುದ್ದಿ ಅವನವರೆಗೂ ಹೋಗಿದೆ.

*

ಹನ್ನೊಂದು ಮುಗಿಯುತ್ತದೆ. ಹನ್ನೆರಡಕ್ಕೆ ಹೋಗುವ ಮುನ್ನ ಹಳೆಯ ಗ್ಲೌಸು ಕಳಚಿ ಹೊಸದನ್ನು ಹಾಕಿಕೊಂಡು, ಹನ್ನೆರಡನೇ ಪಂಜರದ ಮೂಲೆಯಲ್ಲಿ ತಾಯಿ ಉಚ್ಚೆ ಹೊಯ್ದು ಒದ್ದೆಯಾದ ಮರದ ಹೊಟ್ಟನ್ನು ಬೊಗಸೆಯಲ್ಲಿ ತೆಗೆದು ಎರಡೂ ಅಂಗೈಗೆ, ಬೆರಳ ಸಂದಿಗೆ ಚೆನ್ನಾಗಿ ಉಜ್ಜಿಕೊಳ್ಳುತ್ತಾಳೆ. ನೋಡಿದವರಿಗೆ ಮೈ ಜುಮ್ಮೆನ್ನಬೇಕು. ಆದರೆ ಈ ಕೆಲಸದ ಜೀವಾಳವೇ ಇದು. ತಾಯಿ ಇಲಿ ಮಕ್ಕಳನ್ನು ಗುರುತಿಸುವುದು ಮೂಗಿನಿಂದ. ಪಕ್ಕದ ಮನೆಯ ವಾಸನೆ ಅಂಟಿದ ಮರಿ ಅದಕ್ಕೆ ಮರಿಯಲ್ಲ, ಶತ್ರು. ಕಚ್ಚಿ ಕೊಂದುಬಿಡುತ್ತದೆ. ಹೊಸದಾಗಿ ಸೇರಿದವರೆಲ್ಲ ಒಂದಲ್ಲ ಒಂದು ದಿನ ಈ ತಪ್ಪು ಮಾಡಿಯೇ ಕಲಿಯುವುದು. ಆಕೆಯೂ ಹಾಗೇ ಕಲಿತಿದ್ದು. ಮೊದಲ ತಿಂಗಳಲ್ಲಿ ಅವಸರದಲ್ಲಿ ಒಂದು ಪಂಜರದಿಂದ ಇನ್ನೊಂದಕ್ಕೆ ಹಾಗೇ ಕೈ ಹಾಕಿದ್ದಳು. ಮಾರನೇ ದಿನ ಮುಚ್ಚಳ ತೆಗೆದರೆ ಹೊಟ್ಟಿನ ತುಂಬ ರಕ್ತ, ಮೂಲೆಗೊಂದು ಮರಿ ಚೆಲ್ಲಾಡಿ ಬಿದ್ದಿತ್ತು. ಹತ್ತೂ. “ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಅವತ್ತಿಂದ ಇವತ್ತಿನವರೆಗೆ ಒಂದು ಸಲಾನೂ ಕೈ ಉಜ್ಜದೆ ಮುಚ್ಚಳ ತೆಗೆದಿಲ್ಲ.”

ಈ ಕೊನೆಯ ಮಾತನ್ನೇ ಈಗ ಯಾರೂ ನಂಬುತ್ತಿಲ್ಲ. ನಂಬುತ್ತಿಲ್ಲ ಎನ್ನುವುದಕ್ಕಿಂತ, ನಂಬದಿದ್ದರೆ ಎಲ್ಲರಿಗೂ ಅನುಕೂಲ.

ಪರೀಕ್ಷೆಯಲ್ಲಿರುವುದು ಮಕ್ಕಳ ಮೆದುಳು ಜ್ವರಕ್ಕೆ ಮಾಡಿದ ಹೊಸ ಲಸಿಕೆ. ಅದನ್ನು ಮಾಡಿದ ಬಗೆಯನ್ನು ಆಕೆಗೆ ಹೇಳಿದ್ದು ಚಿಕ್ಕ ಮೇಡಂ, ಕೂದಲೆಳೆಯಂಥ ಸೂಜಿಯಲ್ಲಿ ಮರಿಗಳ ತಲೆಗೆ ಲಸಿಕೆ ಚುಚ್ಚುವ ಯುವ ವಿಜ್ಞಾನಿ. ಬೇರೊಂದು ಜ್ವರಕ್ಕೆ ದಶಕಗಳಿಂದ ಕೊಡುತ್ತಿರುವ ಲಸಿಕೆಯೊಂದಿದೆ. ಅದರೊಳಗಿನ ವೈರಸ್ಸು ಹಲ್ಲು ಕಿತ್ತ ಹಾವು, ಯಾರಿಗೂ ಏನೂ ಮಾಡುವುದಿಲ್ಲ. ಆ ವೈರಸ್ಸಿನ ಹೊರ ಹೊದಿಕೆಯನ್ನು ಕಟ್ಟುವ ಜೀನುಗಳನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಮೆದುಳು ಜ್ವರದ ವೈರಸ್ಸಿನ ಹೊದಿಕೆಯ ಜೀನುಗಳನ್ನು ಕೂಡಿಸಿದ್ದಾರೆ. ಒಳಗೆ ಹಳೆಯ ಸಾಧು, ಹೊರಗೆ ಕೇಡಿಯ ಅಂಗಿ. ಮಗುವಿನ ಮೈ ಆ ಅಂಗಿಯನ್ನು ಒಮ್ಮೆ ಕಂಡು ಗುರುತಿಟ್ಟುಕೊಂಡರೆ, ಮುಂದೆ ನಿಜವಾದ ಕೇಡಿ ಬಂದಾಗ ಬಾಗಿಲಲ್ಲೇ ಹಿಡಿಯುತ್ತದೆ. ಆದರೆ ಅಂಗಿ ಬದಲಾದ ಮೇಲೆ ಸಾಧು ಸಾಧುವಾಗಿಯೇ ಉಳಿದಿದೆಯೇ? ಅದನ್ನು ಹೇಳಬೇಕಾದದ್ದು ಈ ಮರಿಗಳ ಎಳೆಯ ಮೆದುಳು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ, ಶಾಲೆಯ ಸಮವಸ್ತ್ರ ಹೊಲಿಯುವ ತಂಗಿ ಮಿಷನ್ನು ನಿಲ್ಲಿಸದೆಯೇ ಅಂದಿದ್ದಳು: “ಹಳೇ ಅಂಗಿಗೆ ಹೊಸ ತೋಳು ಇಟ್ಟ ಹಾಗೆ ಅನ್ನು. ಹೊಲಿಗೆ ಎಲ್ಲಿ ಬಿಡುತ್ತೆ ಅಂತ ಹಾಕ್ಕೊಂಡು ಕೈ ಎತ್ತಿದ ಮೇಲೇ ಗೊತ್ತಾಗೋದು.”

ಎಂಟು ಪಂಜರಕ್ಕೆ ಹೊಸ ಲಸಿಕೆ, ಎಂಟಕ್ಕೆ ಹಳೆಯದು, ಎಂಟಕ್ಕೆ ಬರೀ ಉಪ್ಪುನೀರು. ಯಾವ ಪಂಜರಕ್ಕೆ ಯಾವುದು ಎಂದು ಎಣಿಸುವವರಿಗೆ ಹೇಳುವುದಿಲ್ಲ. ಅದು ಮುಚ್ಚಿದ ಲಕೋಟೆಯಲ್ಲಿ ದೊಡ್ಡವರ, ಅಂದರೆ ಮುಖ್ಯ ವಿಜ್ಞಾನಿಯ, ಮೇಜಿನಲ್ಲಿರುತ್ತದೆ.

ಚುಚ್ಚಿದ ಮೂರನೇ ದಿನದ ಸಂಜೆ ಹದಿನೇಳನೇ ಪಂಜರದಲ್ಲಿ ಮೂರು ಮರಿಗಳು ಮಗುಚಿಕೊಳ್ಳಲು ತಡಮಾಡಿದವು. ಒಂದು ಎಂಟಕ್ಕೆ, ಇನ್ನೆರಡು ಒಂಬತ್ತಕ್ಕೆ. ಹತ್ತರೊಳಗೇ ಆದ್ದರಿಂದ ನಿಯಮದ ಪ್ರಕಾರ ‘ಸರಿ’. ‘ನಿಧಾನ’ ಎಂಬ ಕಾಲಂ ಇಲ್ಲ. ಆಕೆ ಪೆನ್ನನ್ನು ಒಂದು ಗಳಿಗೆ ಎತ್ತಿ ಹಿಡಿದು, ಆಮೇಲೆ ಮೂರು ಗೀಟು ಹಾಕಿದಳು.

ನಾಲ್ಕನೇ ಬೆಳಿಗ್ಗೆ ಮುಚ್ಚಳ ತೆಗೆದರೆ ಏಳೇ ಮರಿ. ಹೊಟ್ಟನ್ನೆಲ್ಲ ಚಮಚೆಯಲ್ಲಿ ಸೋಸಿ ನೋಡಿದಳು. ಒಂದು ಬಾಲದ ತುಂಡೂ ಇಲ್ಲ. ತಾಯಿ ತಿಂದಿತ್ತು.

ತಾಯಿ ಇಲಿಗಳು ತಿನ್ನುತ್ತವೆ. ಸತ್ತ ಮರಿಯನ್ನು, ಸಾಯಲಿರುವ ಮರಿಯನ್ನು, ಎದೆಗೆ ಬಾಯಿ ಹಚ್ಚಲಾರದ ಮರಿಯನ್ನು ತಿಂದು ಗೂಡು ಚೊಕ್ಕಟ ಮಾಡುತ್ತವೆ. “ಕೋಪ ಅಲ್ಲ ಅದು. ಹೊಟ್ಟೆಯಿಂದ ಬಂದದ್ದು ಹೊಟ್ಟೆಗೆ. ಯಾರಿಗೂ ತೋರಿಸೋಕೆ ಇಷ್ಟ ಇಲ್ಲ ಅದಕ್ಕೆ.” ಆದರೆ ಹೆಣ ಕಾಣದೆ ಹೋದರೆ ಹಾಳೆಯಲ್ಲಿ ಅದು ಸಾವಲ್ಲ, ‘ಕಾಣೆ’. ಕಾಣೆಯಾದ ಮರಿಗೆ ಕಾರಣ ಬರೆಯಬೇಕು. ಕಾಯಿಲೆಯ ಅನುಮಾನವಿದ್ದರೆ ಸತ್ತವುಗಳ ಜೊತೆ ಎಣಿಕೆ. ಕೆಲಸಗಾರರ ಕೈತಪ್ಪಾದರೆ ಲೆಕ್ಕದಿಂದಲೇ ಹೊರಗೆ, ಹುಟ್ಟಿಯೇ ಇರಲಿಲ್ಲ ಎನ್ನುವ ಹಾಗೆ.

*

ಅದೇ ಮಧ್ಯಾಹ್ನ ಚಿಕ್ಕ ಮೇಡಂ ಆಕೆಯನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದಳು. ಇಬ್ಬರೂ ಬೆಂಚಿನ ಮೇಲೆ ಕೂತರು. ಮೇಡಂ ತನ್ನ ಉಗುರನ್ನೇ ನೋಡುತ್ತಾ ಕೇಳಿದಳು: “ಅಕ್ಕಾ, ನಿನ್ನೆ ಸಂಜೆ ಹದಿನಾರು ಮುಗಿಸಿ ಹದಿನೇಳಕ್ಕೆ ಹೋಗುವಾಗ ಗ್ಲೌಸು ಬದಲಾಯಿಸಿದ್ರಾ?”

“ಬದಲಾಯಿಸಿದೆ ಮೇಡಂ. ಉಜ್ಜಿದೆ ಕೂಡ.”

“ನೆನಪು ಮಾಡ್ಕೊಳ್ಳಿ. ಇನ್ನೂರ ನಲವತ್ತು ಮರಿ. ಒಂದು ಸಲ ಮರೆತಿರಬಹುದು. ಯಾರಾದ್ರೂ ಮರೀತಾರೆ.”

ಆಗಲೇ ಆಕೆಗೆ ಹೊಳೆದುಬಿಟ್ಟಿತು. ಲಕೋಟೆ ಒಡೆದಿದ್ದಾರೆ. ಹದಿನೇಳನೆಯದು ಉಪ್ಪುನೀರಿನ ಪಂಜರವಾಗಿದ್ದರೆ ತನ್ನ ಗ್ಲೌಸಿನ ಸುದ್ದಿ ಯಾರಿಗೆ ಬೇಕಿತ್ತು?

“ಹೊಸದಾ ಮೇಡಂ?”

ಮೇಡಂ ತಲೆ ಎತ್ತಲಿಲ್ಲ. “ಆ ಗುಂಪಲ್ಲಿ ಎರಡು ಆಗಲೇ ಸತ್ತಿವೆ. ನಾಲ್ಕರ ತನಕ ಪರವಾಗಿಲ್ಲ. ಇವು ಮೂರೂ ಸೇರಿದ್ರೆ ಮಿತಿ ದಾಟುತ್ತೆ ಅಕ್ಕಾ. ನಾನು ಇದನ್ನ ನಿಮಗೆ ಹೇಳಬಾರದು.”

ಎರಡು ದಿನ ಬಿಟ್ಟು ದೊಡ್ಡವರೇ ಕರೆಸಿದರು. ಹನ್ನೊಂದು ವರ್ಷದಿಂದ ಇದೇ ಲಸಿಕೆಯ ಹಿಂದೆ ಬಿದ್ದು ಕೂದಲು ಬಿಳಿ ಮಾಡಿಕೊಂಡ ಮನುಷ್ಯ. ಕೆಟ್ಟವರಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆಕೆಗೆ ಕುರ್ಚಿ ತೋರಿಸಿದರು, ಚಹಾ ತರಿಸಿದರು. ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ಟೈಪು ಮಾಡಿತ್ತು: ‘ಪಂಜರ ಬದಲಿಸುವಾಗ ಕೈಗವಸು ಬದಲಿಸಲು ಮರೆತಿದ್ದೇನೆ. ಮರಿಗಳು ಕಾಣೆಯಾದದ್ದು ನನ್ನ ತಪ್ಪಿನಿಂದ.’ ಕೆಳಗೆ ಸಹಿಗೆ ಜಾಗ.

“ನಿಮ್ಮ ಕೆಲಸಕ್ಕೇನೂ ತೊಂದ್ರೆ ಆಗಲ್ಲ. ಅದು ನನ್ನ ಜವಾಬ್ದಾರಿ” ಎಂದರು. “ಸಹಿ ಮಾಡದಿದ್ರೆ ಮೊದಲಿಂದ ಪರೀಕ್ಷೆ. ಇನ್ನೊಂದು ಇನ್ನೂರ ನಲವತ್ತು ಮರಿ, ಅವನ್ನೂ ನೀವೇ ಕೊಲ್ಲಬೇಕು. ಅಷ್ಟರಲ್ಲಿ ಈ ವರ್ಷದ ಜ್ವರದ ಕಾಲ ಕಳೆದುಹೋಗುತ್ತೆ. ಎಷ್ಟು ಮಕ್ಕಳು ಹೋಗ್ತವೆ ಅಂತ ನಾನು ನಿಮಗೆ ಹೇಳ್ಬೇಕಾ? ನಿಮ್ಮ ಮನೆಯಲ್ಲೇ ನೋಡಿದೀರಲ್ಲ.”

ಚಹಾ ತಣ್ಣಗಾಗಿತ್ತು. ಆಕೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು, “ಓದಿ ಕೊಡ್ತೀನಿ ಸಾರ್” ಎಂದು ಎದ್ದುಬಂದಳು. ನಾಳೆ ಬೆಳಿಗ್ಗೆ ಕೊಡಬೇಕು. ಸಹಿ ಮಾಡಿ.

*

ಮನೆಯಲ್ಲೇ ನೋಡಿದ್ದು ಮಗಳನ್ನು.

ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಇಕ್ಕಟ್ಟು ಮೆಟ್ಟಿಲಿನ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ತಂಗಿಯ ಹೊಲಿಗೆ ಮಿಷನ್ನು, ಕತ್ತರಿಸಿಟ್ಟ ನೀಲಿ ಬಟ್ಟೆಯ ರಾಶಿ. ಇನ್ನೊಂದರಲ್ಲಿ ಮಂಚ, ಮಂಚದ ಮೇಲೆ ಮೂವತ್ತೊಂದು ವರ್ಷದ ಮಗಳು. ನಾಲ್ಕು ವರ್ಷದವಳಿದ್ದಾಗ ಇದೇ ಮೆದುಳು ಜ್ವರ ಬಂತು. ಒಂಬತ್ತು ದಿನ ಆಸ್ಪತ್ರೆ. ಪ್ರಾಣ ಉಳಿಯಿತು, ಉಳಿದದ್ದು ಅಷ್ಟೇ. ಮಾತಿಲ್ಲ, ಕೂರಲಾರಳು. ಅಮ್ಮ ಬಂದರೆ ಮಾತ್ರ ಎಡಗೈಯ ಎರಡು ಬೆರಳು ಅಲ್ಲಾಡುತ್ತವೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವಳ ಬಟ್ಟೆ ಬದಲಿಸಿ, ಮೈ ಒರೆಸಿ, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಿ, ಬಾಯಿಗೆ ಹಾಲು ಹಾಕಿಯೇ ಆಕೆ ಕೆಲಸಕ್ಕೆ ಹೊರಡುವುದು. ಹಗಲಿಡೀ ತಂಗಿ ನೋಡಿಕೊಳ್ಳುತ್ತಾಳೆ.

ಪ್ರಾಣಿಮನೆಯ ಕೆಲಸಕ್ಕೆ ಸೇರಿದ್ದೂ ಇದೇ ಕಾರಣಕ್ಕೆ. “ಲಸಿಕೆ ಮಾಡೋ ಜಾಗ ಅಂದ್ರು. ಕಸ ಗುಡಿಸೋ ಕೆಲಸ ಕೊಟ್ರೂ ಪರವಾಗಿಲ್ಲ, ಒಳಗೆ ಬಿಡಿ ಅಂದೆ. ಅದೊಂದು ಲಸಿಕೆ ಬರೋದನ್ನ ಕಣ್ಣಾರೆ ನೋಡಬೇಕು ಅಂತ ಆಸೆ.” ಅಂದರೆ ದೊಡ್ಡವರಿಗಿಂತ ಎಂಟು ವರ್ಷ ಹೆಚ್ಚು ಕಾಲದಿಂದ ಆಕೆ ಈ ಲಸಿಕೆಗಾಗಿ ಕಾಯುತ್ತಿದ್ದಾಳೆ. ಆ ಮಾತನ್ನು ದೊಡ್ಡವರಿಗೆ ಹೇಳಬೇಕೆಂದು ಆಗ ಹೊಳೆಯಲಿಲ್ಲ.

ಸಂಜೆಯ ಎಣಿಕೆ ಮುಗಿಸಿ, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಎಂಟೂವರೆಗೆ ಮನೆ ಮುಟ್ಟಿದಾಗ ತಂಗಿ ಹಲ್ಲಿನಲ್ಲಿ ದಾರ ಕಡಿಯುತ್ತಾ, “ಹಾಕಿದ್ಯಾ ಸಹಿ?” ಎಂದಳು.

“ನಾಳೆ ಕೊಡ್ಬೇಕು.”

“ಮತ್ತೇನು ಪಂಚಾಂಗ ನೋಡ್ತಿದೀಯಾ? ಹಾಕಿ ಬಿಸಾಕು. ಹುಟ್ಟಿದಾಗಿಂದ ಊರಿನ ತಪ್ಪೆಲ್ಲ ತಲೆ ಮೇಲೆ ಹಾಕ್ಕೊಂಡೇ ಬಂದೋಳು ನೀನು. ಚಿಕ್ಕವರಿದ್ದಾಗ ನಾನು ಗಾಜು ಒಡೆದ್ರೂ ‘ನಾನೇ ಅಪ್ಪಾ’ ಅಂತ ನೀನು ಮುಂದೆ ಹೋಗಿ ನಿಲ್ತಿದ್ದೆ. ಮೂರು ಇಲಿಮರಿ ಭಾರ ಆಗುತ್ತಾ ನಿನಗೆ?”

“ಅವು ಸುಮ್ಸುಮ್ನೆ ಹೋಗಿಲ್ಲ ಕಣೆ. ವಾಸನೆಗೆ ಕೊಂದಿದ್ರೆ ಹತ್ತನ್ನೂ ಕೊಲ್ತಿತ್ತು. ರಕ್ತ ಇರ್ತಿತ್ತು. ಉಳಿದ ಏಳೂ ಗೂಡಲ್ಲೇ ಬೆಚ್ಚಗೆ ಮಲಗಿದ್ವು, ಹೊಟ್ಟೆ ತುಂಬ ಹಾಲಿತ್ತು. ತೆಳು ಚರ್ಮ ಅಲ್ವಾ, ಬೆಳ್ಳಗೆ ಕಾಣ್ತಿತ್ತು. ಆ ತಾಯಿ ಹುಷಾರಿಲ್ಲದ್ದನ್ನ ಆರಿಸಿ ತಿಂದಿದಾಳೆ.”

“ಅದನ್ನ ಅವರಿಗೆ ಹೇಳು, ನನಗಲ್ಲ.”

“ಹೇಳಿದೆ. ‘ಅದು ನಿಮ್ಮ ಊಹೆ’ ಅಂದ್ರು.”

ತಂಗಿ ಮಿಷನ್ನು ನಿಲ್ಲಿಸಿದಳು. ಅವಳು ಮಿಷನ್ನು ನಿಲ್ಲಿಸುವುದು ಅಪರೂಪ. “ನೋಡಕ್ಕಾ. ಆ ಲಸಿಕೆ ಬಂದ್ರೆ ನೂರು ಮಕ್ಕಳು ಉಳೀತವೆ. ಇವಳ ಥರ ಆಗಲ್ಲ. ನೀನೇ ಅಡ್ಡ ಬಂದೆ ಅನ್ನೋ ಮಾತು ಬೇಕಾ ನಿನಗೆ?”

ಆಕೆ ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಮಗಳ ಎರಡು ಬೆರಳು ಅಲ್ಲಾಡಿದವು.

ನೂರು ಮಕ್ಕಳು ಉಳಿಯುತ್ತವೆ, ನಿಜ. ಹೊಲಿಗೆ ಎಲ್ಲೋ ಬಿಟ್ಟಿದ್ದರೆ? ಆ ನೂರರ ಜೊತೆ, ಜ್ವರವೇ ಬಾರದಿದ್ದ ಯಾವುದೋ ಮಗು, ಗಟ್ಟಿಮುಟ್ಟಾಗಿ ಅಮ್ಮನ ತೊಡೆಯ ಮೇಲೆ ಕೂತು ಸೂಜಿ ಚುಚ್ಚಿಸಿಕೊಂಡ ಮಗು, ಮೂರನೇ ದಿನ ಮಗುಚಿಕೊಳ್ಳಲು ತಡಮಾಡಿದರೆ? ಅದರ ಅಮ್ಮನ ಮುಂದೆಯೂ ಒಂದು ಹಾಳೆ ಬರುತ್ತದೆ. ಮಗು ಎಲ್ಲಿಂದಲಾದರೂ ಬಿತ್ತಾ, ಏನು ತಿನ್ನಿಸಿದೆ, ಯಾಕೆ ಮೊದಲೇ ತರಲಿಲ್ಲ ಎಂದು ಕೇಳುತ್ತಾರೆ. ಕೇಳುತ್ತಾರೆಂದು ಆಕೆಗೆ ಗೊತ್ತು.

ಯಾಕೆಂದರೆ ಇಪ್ಪತ್ತೇಳು ವರ್ಷದ ಹಿಂದೆ ಆಸ್ಪತ್ರೆಯ ಓಣಿಯಲ್ಲಿ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದಳು: “ಸಂಜೆ ಹೊತ್ತಲ್ಲಿ ಮಗೂಗೆ ತಣ್ಣೀರು ತಲೆಗೆ ಹಾಕಿದ್ದು ಯಾರು? ಕೇಳಿ ಇವಳನ್ನ!” ನರ್ಸುಗಳು ತಿರುಗಿ ನೋಡುತ್ತಿದ್ದರು. ಗಂಡ ಗೋಡೆಗೆ ಒರಗಿ ನಿಂತು ಆಕೆಯ ಮುಖವನ್ನೇ ನೋಡುತ್ತಿದ್ದ. ಒಳಗೆ ಮಗು ಸೆಟೆದು ಬಿಲ್ಲಾಗುತ್ತಿತ್ತು. ಆ ಕೂಗು ಒಮ್ಮೆ ನಿಂತರೆ ಸಾಕಾಗಿತ್ತು. “ಹೌದತ್ತೆ. ನನ್ನದೇ ತಪ್ಪು” ಎಂದಳು. ಕೂಗು ನಿಂತಿತು. ಎರಡು ವರ್ಷದ ಮೇಲೆ ಗಂಡ ಮನೆ ಬಿಟ್ಟು ಹೋಗುವಾಗಲೂ ಅದೇ ಮಾತನ್ನು ಎತ್ತಿ ಆಡಿ ಹೋದ. “ನೀನೇ ಒಪ್ಪಿಕೊಂಡಿದ್ಯಲ್ಲ.”

ಅದು ಸೊಳ್ಳೆಯಿಂದ ಬರುವ ವೈರಸ್ಸು, ತಲೆಸ್ನಾನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಆಕೆಗೆ ತಿಳಿದದ್ದು ಪ್ರಾಣಿಮನೆ ಸೇರಿದ ಮೇಲೆ. ತಿಳಿದರೂ ಏನೂ ಬದಲಾಗಲಿಲ್ಲ. ಮಗಳ ಮಗ್ಗುಲು ಬದಲಿಸುವಾಗಲೆಲ್ಲ ಅಂಗೈಗೆ ಆ ತಣ್ಣೀರು ತಾಗುತ್ತದೆ. ಇನ್ನೂ ಒಂದು ಸಂಗತಿಯಿದೆ, ತಂಗಿಗೂ ಹೇಳಿಲ್ಲದ್ದು. ಆ ಸಂಜೆ ನೀರು ತಣ್ಣಗಿತ್ತೋ ಬಿಸಿಯಿತ್ತೋ ಆಕೆಗೆ ಈಗ ನೆನಪಿಲ್ಲ. ಕಾಯಿಸಿಯೇ ಇರಬೇಕು. ಮಗುವಿಗೆ ಯಾವತ್ತೂ ತಣ್ಣೀರು ಹಾಕಿದವಳಲ್ಲ. ಒಲೆ ಹಚ್ಚಿದ ನೆನಪು ಎಲ್ಲೋ ಇತ್ತು. ಆದರೆ ಹೌದು ಎಂದ ಆ ಗಳಿಗೆಯಿಂದ ನೆನಪು ತಾನಾಗಿಯೇ ನಲ್ಲಿ ತಿರುಗಿಸಲು ಶುರು ಮಾಡಿತು. ಈಗ ಎಷ್ಟು ಹುಡುಕಿದರೂ ಬರೀ ತಣ್ಣೀರು.

ಬಾಗಿಲಲ್ಲಿ ತಂಗಿ ಬಂದು ನಿಂತಳು, ಕುತ್ತಿಗೆಗೆ ಟೇಪು ಹಾಕಿಕೊಂಡು. “ಬೈದೆ ಅಂತ ಬೇಜಾರಾ?”

“ಇಲ್ವೇ.”

“ಏನು ಯೋಚನೆ ಮಾಡ್ತಿದೀಯಾ ಹಾಗಾದ್ರೆ?”

“ಇವಳ ಬೆಡ್‌ಶೀಟು ಬದಲಾಯಿಸ್ಬೇಕು. ಆ ತುದಿ ಹಿಡ್ಕೋ ಬಾ.”

ಇಬ್ಬರೂ ಸೇರಿ ಮಗಳನ್ನು ಒಂದು ಬದಿಗೆ ಸರಿಸಿ ಹಳೆಯ ಹಾಸು ಎಳೆದು ಹೊಸದನ್ನು ಹಾಸಿದರು. ತಂಗಿ ಮೂಲೆಗಳನ್ನು ಮಡಿಸಿ ಹಾಸಿಗೆಯಡಿ ಸಿಕ್ಕಿಸಿ, “ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯಾ? ಚಹಾ ಮಾಡಿಡ್ತೀನಿ” ಎಂದಳು. ಸಂಧಾನದ ಮಾತದು.

“ದಿನದ ಹೊತ್ತಿಗೇ.”

ತಂಗಿ ಮಿಷನ್ನಿನ ಕಡೆಗೆ ಹೋದ ಮೇಲೆ ಆಕೆ ಚೀಲದಿಂದ ಹಾಳೆ ತೆಗೆದು, ಮಡಿಕೆ ಬಿಡಿಸಿ, ಮೊಣಕಾಲ ಮೇಲಿಟ್ಟುಕೊಂಡು ಇನ್ನೊಮ್ಮೆ ಓದುತ್ತಾಳೆ. ಇದಕ್ಕೆ ಸಹಿ ಹಾಕಿದರೆ ಎರಡು ವರ್ಷ ಸಾಕು, ಕೈ ಉಜ್ಜಿದ್ದು ಮರೆತುಹೋಗಲು. ಆಮೇಲೆ ಸಾಯುವ ತನಕ, ಹದಿನಾರರಿಂದ ಹದಿನೇಳಕ್ಕೆ ಹಾಗೇ ಕೈ ಹಾಕಿದ್ದೇ ನೆನಪಾಗುತ್ತದೆ.

ಹಾಳೆಯನ್ನು ಮಗುಚುತ್ತಾಳೆ. ಹಿಂಬದಿ ಖಾಲಿಯಿದೆ. ಏಳನೇ ತರಗತಿಯವರೆಗೆ ಓದಿದವಳು, ಅಕ್ಷರ ಗುಂಡಗಿವೆ. ಏನು ಬರೆಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾಳೆ. ಊಹೆ ಎನ್ನುವಂಥದ್ದು ಒಂದೂ ಬೇಡ. ‘ಗ್ಲೌಸು ಬದಲಿಸಿದೆ. ಹೊಟ್ಟಿಗೆ ಕೈ ಉಜ್ಜಿದೆ. ಹಿಂದಿನ ಸಂಜೆ ಮೂರು ಮರಿ ನಿಧಾನ ಇದ್ದವು, ಎಂಟು, ಒಂಬತ್ತು, ಒಂಬತ್ತು. ಬೆಳಿಗ್ಗೆ ಇರಲಿಲ್ಲ. ಉಳಿದ ಏಳರ ಹೊಟ್ಟೆಯಲ್ಲಿ ಹಾಲಿತ್ತು.’ ಇಷ್ಟೇ. ಇದರ ಕೆಳಗೆ ಸಹಿ.

ಪರೀಕ್ಷೆ ಮೊದಲಿಂದ ನಡೆದರೆ ನಡೆಯಲಿ. ಇನ್ನೊಂದು ಇನ್ನೂರ ನಲವತ್ತು ಮರಿಗಳ ಪೆಟ್ಟಿಗೆಯ ಗುಂಡಿಯನ್ನೂ ತಾನೇ ಒತ್ತಬೇಕು, ಗೊತ್ತಿದೆ.

“ಅಕ್ಕಾ, ಏನು ಹುಡುಕ್ತಿದೀಯಾ?” ತಂಗಿಯ ದನಿ ಆ ಕೋಣೆಯಿಂದ.

“ಪೆನ್ನು.”

“ಅಂತೂ ಬುದ್ಧಿ ಬಂತು” ಎನ್ನುತ್ತಾಳೆ ತಂಗಿ. ಮಿಷನ್ನು ಮತ್ತೆ ಓಡಲು ಶುರುವಾಗುತ್ತದೆ. ಆಕೆ ಹಾಳೆಯ ಖಾಲಿ ಬದಿಯಲ್ಲಿ ಬರೆಯತೊಡಗುತ್ತಾಳೆ: ‘ಗ್ಲೌಸು ಬದಲಿಸಿದೆ.’